ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮುಗಿಸಿದ ನಿಮಗೆ ಜರ್ಮನಿಯಲ್ಲಿ ಪ್ಯಾರಲಲ್ ಕಂಪ್ಯೂಟಿಂಗ್ (ಒಂದೇ ಲೆಕ್ಕವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಿ ಮಾಡಿಸುವುದು) ಕುರಿತ ಪಿಎಚ್.ಡಿ.ಗೆ ಅವಕಾಶ ಸಿಕ್ಕಿದೆ. ಬಂದರೆ ಇಲ್ಲೇ ನೆಲೆಯೂರಲು ಆದೀತೇ ಎಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು, ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು.

ಕೆಲಸದ ಸ್ವರೂಪ ನಿಮಗೆ ಹೊಸದೇನಲ್ಲ. ಕೊನೆಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯಲು ಎಷ್ಟು ಜನ ಮೆಟ್ಟುಗತ್ತಿ ಹಿಡಿದು ಕೂತರೂ ಬೇಯಿಸುವ ಹಂಡೆ ಒಂದೇ ಇದ್ದರೆ, ಮಲಗುವ ಹೊತ್ತನ್ನು ನಿರ್ಧರಿಸುವುದು ಆ ಹಂಡೆಯೇ. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಮುಂದಿಟ್ಟ ವಾದದ ತಿರುಳೂ ಇದೇ: ಲೆಕ್ಕದ ಶೇ. 5ರಷ್ಟು ಭಾಗವನ್ನು ಹಂಚಿಕೊಳ್ಳಲು ಬಾರದಿದ್ದರೆ, ಸಾವಿರ ಪ್ರೊಸೆಸರ್ ಹೂಡಿದರೂ ವೇಗ 20 ಪಟ್ಟನ್ನು ಮುಟ್ಟುವುದಿಲ್ಲ. ನಮ್ಮ ದಿನದ ಬಹುಪಾಲು ಆ ಹಂಡೆಯನ್ನು ಹುಡುಕುವುದರಲ್ಲೇ ಕಳೆಯುತ್ತದೆ.

ಉಳಿದದ್ದು ಲೆಕ್ಕದ ಉತ್ತರ ಸರಿಯಿದೆಯೇ ಎಂಬ ಕಾವಲು. ಮೊದಲ ವರ್ಷ, ಒಂದೇ ಪ್ರೋಗ್ರಾಂ 64 ಪ್ರೊಸೆಸ್‌ಗಳಲ್ಲಿ (ಅಂದರೆ 64 ಪಾಲಾಗಿ ಹಂಚಿ ಓಡಿಸಿದಾಗ) ಕೊಟ್ಟ ಉತ್ತರಕ್ಕೂ 128ರಲ್ಲಿ ಕೊಟ್ಟದ್ದಕ್ಕೂ ಹನ್ನೊಂದನೆಯ ಅಂಕಿಯಲ್ಲಿ ವ್ಯತ್ಯಾಸ ಬಂದಾಗ, ನಾನು ಮೂರು ವಾರ ಇಲ್ಲದ ತಪ್ಪನ್ನು ಹುಡುಕಿದೆ. ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಇಡುವ ಡಬಲ್ ಪ್ರಿಸಿಷನ್ ಎಂಬ ರೂಪದಲ್ಲಿ ಹದಿನಾರರಷ್ಟು ಅಂಕಿಗಳಿಗೆ ಮಾತ್ರ ಜಾಗವಿದ್ದು, ಪ್ರತಿ ಕೂಡುವಿಕೆಯಲ್ಲೂ ಬಾಲ ಕತ್ತರಿಸಿಹೋಗುವುದರಿಂದ, ಕೂಡುವ ಕ್ರಮ ಬದಲಾದರೆ ಮೊತ್ತವೂ ತುಸು ಬದಲಾಗುತ್ತದೆ ಎಂಬುದು ಆಗ ಮನದಟ್ಟಾಯಿತು.

ಆ ಮೂರು ವಾರದಿಂದ ಹೆಸರಿಗೆ ಸೇರುವ ಯಾವ ಸಂಶೋಧನಾ ಪ್ರಬಂಧವೂ ಹುಟ್ಟಲಿಲ್ಲ, ನೆಲೆಯೂರುವುದಕ್ಕೆ ತೊಡಕಿರುವುದು ಅಲ್ಲಿಯೇ. 1992ರಲ್ಲಿ ಬಂದ ಲ್ಯಾಪ್ಯಾಕ್ ಎಂಬ, ಸಮೀಕರಣ ಬಿಡಿಸುವ ಸಿದ್ಧ ಪ್ರೋಗ್ರಾಂಗಳ ಸಂಗ್ರಹವನ್ನು ಜಗತ್ತು ಇಂದಿಗೂ ಬಳಸುತ್ತಿದೆ, ಅದರ ರೂವಾರಿಗಳಲ್ಲಿ ಒಬ್ಬರಾದ ಜ್ಯಾಕ್ ಡೊಂಗಾರಾ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯೂ (2021ರದು) ಸಂದಿದೆ. ಆದರೆ ನಮ್ಮಂಥವರ ಪಾಡು ಬೇರೆ. ನನ್ನ ಮೊದಲ ಗುಂಪಿನಲ್ಲಿ ಎರಡು ವರ್ಷ ಸಾಲ್ವರ್ ಅನ್ನು, ಅಂದರೆ ಸಮೀಕರಣ ಬಿಡಿಸುವ ಪ್ರೋಗ್ರಾಂ ಅನ್ನು, ನೋಡಿಕೊಂಡವನು ನಾನು, ಅದರಿಂದ ಬಂದ ಪ್ರಬಂಧಗಳಲ್ಲಿ ನನ್ನ ಹೆಸರು ಕೃತಜ್ಞತೆಯ ಸಾಲಿನಲ್ಲಿತ್ತು.

ಇದರ ಮೇಲೆ ಕಾನೂನಿನ ಗಡುವು. ಇಲ್ಲಿಯ ವಿಶ್ವವಿದ್ಯಾಲಯಗಳು ತಾತ್ಕಾಲಿಕ ಒಪ್ಪಂದವನ್ನು ಸಾಮಾನ್ಯವಾಗಿ ಪಿಎಚ್.ಡಿ.ಗೆ ಮುನ್ನ 6 ವರ್ಷ, ಅನಂತರ 6 ವರ್ಷ ಮಾತ್ರ ಕೊಡಬಹುದು; ಹೊರಗಿನ ಅನುದಾನದ ಯೋಜನೆಗಳಿಗೆ ವಿನಾಯಿತಿಯುಂಟು. ಆದ್ದರಿಂದ ಸಂದರ್ಶನದಲ್ಲಿ ಸಂಕೋಚಪಡದೆ ಕೇಳಿ: ನಿಮ್ಮಲ್ಲಿ ಸಾಫ್ಟ್‌ವೇರ್ ನೋಡಿಕೊಂಡವರು ಈಗ ಎಲ್ಲಿದ್ದಾರೆ, ಅವರಿಗೆ ಕಾಯಂ ಹುದ್ದೆ ಸಿಕ್ಕಿತೇ? ಸಂಬಳ ಪೂರ್ಣಾವಧಿಯದೋ ಅರ್ಧದ್ದೋ ಎಂಬುದನ್ನೂ ನೋಡಿ. ಕೆಲಸವಂತೂ ಪೂರ್ತಿಯೇ ಇರುತ್ತದೆ.

ಆಗುಂಬೆಯ ಮಳೆ ಕಂಡವರನ್ನು ಇಲ್ಲಿಯ ಮಳೆ ಕಾಡುವುದಿಲ್ಲ, ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕವಿಯುವ ಕತ್ತಲೆ ಕಾಡುತ್ತದೆ. ಕಚೇರಿಗೆ ಇಂಗ್ಲಿಷ್ ಸಾಕು, ಬಾಡಿಗೆ ಕರಾರಿಗೆ ಸಾಲದು. ಜರ್ಮನ್ ಕಲಿಕೆಯನ್ನು ಊರಲ್ಲೇ ಶುರುಮಾಡಿ.

ನಾನು ಉಳಿದದ್ದು ಪ್ರಾಧ್ಯಾಪಕನಾಗಿ ಅಲ್ಲ. ಒಂಬತ್ತನೆಯ ವರ್ಷದಲ್ಲಿ ಒಂದು ಗಣಕ ಕೇಂದ್ರವು ಪರರ ಪ್ರೋಗ್ರಾಂಗಳನ್ನು ಸರಿಪಡಿಸಿಕೊಡುವ ಕಾಯಂ ಹುದ್ದೆ ಕೊಟ್ಟಿತು, ಅದರಲ್ಲೇ ಇದ್ದೇನೆ.