ಗಣ ನೆನಪಿಡೋಕೆ ಒಂದೇ ಸಾಲು ಸಾಕು
ವಿರಾಜಪೇಟೆಯಿಂದ ಕೇಳಿದ್ದೀರಲ್ಲ, ಎಷ್ಟು ಬಾಯಿಪಾಠ ಮಾಡಿಸಿದರೂ ಮಗಳಿಗೆ ಛಂದಸ್ಸಿನ 8 ಅಕ್ಷರಗಣ (ಮೂರು ಮೂರು ಅಕ್ಷರದ ಗುಂಪುಗಳು) ಕಲಸಿಹೋಗುತ್ತವೆ ಅಂತ. ಆ ಪಟ್ಟಿ ಬಿಟ್ಟುಬಿಡಿ. ‘ಯಮಾತಾರಾಜಭಾನಸಲಗಂ’ ಅಂತ ರಾಗವಾಗಿ ಹೇಳಿಸಿ. ಯಾವ ಗಣ ಬೇಕೋ ಆ ಅಕ್ಷರ ಹಿಡಿದು ಮುಂದಿನ ಎರಡನ್ನು ಸೇರಿಸಿ ಓದಬೇಕು, ಅಷ್ಟೇ: ‘ಯಮಾತಾ’ ಅಂದರೆ ಲಘು (ಕಡಿಮೆ ಹೊತ್ತು ಹಿಡಿಯುವ ಅಕ್ಷರ), ಗುರು (ಅದರ ಎರಡರಷ್ಟು ಹೊತ್ತಿನದು), ಗುರು, ಅದೇ ಯಗಣ, ‘ನಸಲ’ದಲ್ಲಿ ಮೂರೂ ಲಘು, ಹಾಗಾಗಿ ನಗಣ. ಕೊನೆಯ ಲ ಲಘು, ಗಂ ಗುರು. ಮಡಿಕೇರಿಯಲ್ಲಿ ನಮ್ಮ ಮೇಷ್ಟ್ರು ಇದನ್ನು ಚಪ್ಪಾಳೆ ಹಾಕಿಸಿ ಹೇಳಿಸುತ್ತಿದ್ದರು, ಜುಲೈ ಮಳೆ ಹಂಚಿನ ಮೇಲೆ ಹೊಡೆಯುವಾಗ ಕೂಗಿಯೇ ಹೇಳಬೇಕಿತ್ತು ಬಿಡಿ. ಪರೀಕ್ಷೆಯಲ್ಲಿ ಮೊದಲು ಕೊನೆಯ ಪುಟದಲ್ಲಿ ಈ ಸಾಲು ಬರೆದುಕೊಳ್ಳಲಿ. ಆದರೆ ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನುವುದನ್ನು ಇದು ಹೇಳಿಕೊಡಲ್ಲ. ಮಕ್ಕಳು ಜಾಸ್ತಿ ಮಾರ್ಕ್ಸ್ ಕಳೆದುಕೊಳ್ಳೋದು ಅಲ್ಲೇ, ಅದನ್ನು ಬೇರೆಯಾಗಿ ಕಲಿಸಿ.