ಸಮುದ್ರದಲ್ಲಿ ಗಾಳ ಹಾಕಲು ಬರುವವರಿಗೆ: ಗಂಗೊಳ್ಳಿಯ ನಮ್ಮ ಒಂದು ದಿನ

ನಮಸ್ಕಾರ. ನೀವು ನಾಲ್ಕು ಜನ ಗೆಳೆಯರು, ಇಷ್ಟು ವರ್ಷ ಭದ್ರಾ ಹಿನ್ನೀರಿನಲ್ಲಿ ಗಾಳ ಹಾಕಿದವರು, ಈ ಡಿಸೆಂಬರ್‌ನಲ್ಲಿ ಕುಂದಾಪುರದ ಕಡೆ ಬಂದು ದೋಣಿಯಲ್ಲಿ ಸಮುದ್ರಕ್ಕೆ ಹೋಗಬೇಕು ಅಂತ ಬರೆದಿದ್ದೀರಿ. ಎಷ್ಟು ದೂರ ಹೋಗಬೇಕು, ಈಗಿರುವ ರಾಡ್ ಸಾಕಾ, ವಾಂತಿ ಬಂದರೆ ಏನು ಮಾಡುವುದು ಅಂತ ಕೇಳಿದ್ದೀರಿ. ಎಷ್ಟು ಹೊತ್ತಿಗೆ ವಾಪಸ್ ಬರಬೇಕು ಅಂತ ಕೇಳಿಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಕಥೆಯನ್ನೇ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಹೋದ ವರ್ಷ ಡಿಸೆಂಬರ್‌ನಲ್ಲಿ ನಾವೂ ನಾಲ್ಕು ಜನ ಕುಂದಾಪುರದ ಪಕ್ಕದ ಗಂಗೊಳ್ಳಿಯಿಂದ ಹೊರಟೆವು. ಎಲ್ಲರಿಗೂ ರಜೆ ಸಿಕ್ಕಿದ್ದು ಒಂದು ಭಾನುವಾರ, ಹುಣ್ಣಿಮೆಗೆ ಇನ್ನೆರಡೇ ದಿನ. ಮೊದಲನೇ ತಪ್ಪು ಅದೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇಳಿತ ಎರಡೂ ಜೋರು. ನೀರಿನ ಸೆಳೆತಕ್ಕೆ ದಾರಕ್ಕೆ ಭಾರವಾಗಿ ಕಟ್ಟಿದ ಸೀಸ ತಳದಲ್ಲಿ ನಿಲ್ಲುವುದೇ ಇಲ್ಲ, ದಾರ ಓರೆಯಾಗಿ ಎಲ್ಲೋ ಹೋಗಿರುತ್ತದೆ. ತಳದ ಮೀನಿಗೆ ಗಾಳ ಹಾಕುವುದಾದರೆ ಅಷ್ಟಮಿಯ ಹಿಂದೆ ಮುಂದೆ ಎರಡು ದಿನ ನೋಡಿಕೊಂಡು ಬನ್ನಿ. ಪಂಚಾಂಗದ ಕ್ಯಾಲೆಂಡರ್ ಸಾಕು, ಆಪ್ ಏನೂ ಬೇಡ.

ಬೆಳಿಗ್ಗೆ ಐದೂವರೆಗೆ ಬಂದರಿನ ದಕ್ಕೆಯಿಂದ ಬಿಟ್ಟೆವು. ಚಂದ್ರ ಮುಳುಗಿ ಕತ್ತಲಾಗಿತ್ತು. ದೋಣಿ ಅಂದರೆ ಫೈಬರ್‌ನ ನಾಡದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್. ನಡೆಸಿದವರು ಐವತ್ತು ದಾಟಿದ, ಮೀನುಗಾರ ಖಾರ್ವಿ ಸಮುದಾಯದ ಒಬ್ಬ ಅಣ್ಣ, ಜೊತೆಗೆ ಅವರ ಅಳಿಯ. ಅವರಿಬ್ಬರ ನಡುವೆ ಕೊಂಕಣಿ, ನಮ್ಮ ಹತ್ತಿರ ಕುಂದಾಪುರ ಕನ್ನಡ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಒಟ್ಟಾಗಿ ಸಮುದ್ರ ಸೇರುವ ಜಾಗ ಅದು. ಬಡಗಲಲ್ಲಿ ಗಂಗೊಳ್ಳಿ, ತೆಂಕಲಲ್ಲಿ ಕೋಡಿ, ನಡುವೆ ಅಳಿವೆ. ಹೊರಗೆ ಹೋಗುವಾಗ ಭರತ ಏರುತ್ತಿತ್ತು. ಮೂಡುಗಾಳಿ ತಣ್ಣಗೆ ಬೆನ್ನಿಗೆ ಬೀಸುತ್ತಿತ್ತು. ಅಳಿವೆ ದಾಟಿದ್ದು ನಮಗೆ ಗೊತ್ತೇ ಆಗಲಿಲ್ಲ. ಇಷ್ಟೇನಾ ಅಂತ ಒಬ್ಬ ನಕ್ಕ. ಅಣ್ಣ ಮಾತಾಡಲಿಲ್ಲ.

ದೂರದ ಪ್ರಶ್ನೆಗೆ ಬರುತ್ತೇನೆ. ನಾವು ಹೋಗಿದ್ದು ಸುಮಾರು ಎಂಟು ನಾಟಿಕಲ್ ಮೈಲು, ಅಂದರೆ ಹದಿನೈದು ಕಿಲೋಮೀಟರ್ ಹತ್ತಿರ. ಅಲ್ಲಿ ಆಳ ಹನ್ನೆರಡು ಮಾರು. ಒಂದು ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ಆರು ಅಡಿ. ನಮ್ಮ ಕರಾವಳಿಯಲ್ಲಿ ತಳ ನಿಧಾನಕ್ಕೆ ಇಳಿಯುತ್ತದೆ, ಹಾಗಾಗಿ ಇನ್ನೂ ಐದು ಮೈಲು ಹೋದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ನೀವು ಹುಡುಕಬೇಕಾದ್ದು ಕಲ್ಲು. ಮರಳು, ಕೆಸರಿನ ತಳದ ನಡುವೆ ಎಲ್ಲಿ ಬಂಡೆ ಇದೆಯೋ ಅಲ್ಲಿ ಮುರು (ಗ್ರೂಪರ್), ಕೆಂಬೇರಿ (ಸ್ನ್ಯಾಪರ್) ಮೀನು ಇರುತ್ತವೆ. ಅವುಗಳ ಮೇಲೆ ಸಣ್ಣ ಮೀನಿನ ಹಿಂಡು, ಆ ಹಿಂಡಿನ ಹಿಂದೆ ಅಂಜಲ್ (ಸೀರ್ ಮೀನು). ಕಲ್ಲಿನಿಂದ ಐವತ್ತು ಅಡಿ ಆಚೆ ಬಿಟ್ಟರೆ ದಿನವಿಡೀ ಬರೀ ಶಾಡಿ (ಕ್ಯಾಟ್‌ಫಿಶ್) ಎಳೆಯುತ್ತಾ ಕೂರಬೇಕು.

ಅಣ್ಣನ ಬಳಿ ಜಿಪಿಎಸ್ ಇತ್ತು. ಆದರೂ ಅವರು ನೋಡಿದ್ದು ಬೆಟ್ಟವನ್ನು. ಬೆಳಕಾದ ಮೇಲೆ ಮೂಡಣದಲ್ಲಿ ಕೊಡಚಾದ್ರಿ ನೀಲಿಯಾಗಿ ಎದ್ದಿತ್ತು. ಅದರ ತುದಿಯನ್ನು ದಡದ ಒಂದು ಗುರುತಿಗೆ ಸೇರಿಸಿದರು, ಕೋಡಿಯ ಲೈಟ್‌ಹೌಸನ್ನು ಇನ್ನೊಂದಕ್ಕೆ. ಎರಡು ಗೆರೆ ಕೂಡುವ ಕಡೆ ಎಂಜಿನ್ ನಿಲ್ಲಿಸಿ ಲಂಗರು ಬಿಟ್ಟರು. ದಡದ ಗುರುತು ಯಾವುದು ಅಂತ ಕೇಳಿದೆ. ಒಂದು ತೆಂಗಿನ ತೋಪು ತೋರಿಸಿದರು. ಅಲ್ಲಿ ಕಾಣುವುದೆಲ್ಲಾ ತೆಂಗಿನ ತೋಪೇ ಮಾರಾಯ್ರೆ! ಬೇಕಂತಲೇ ಹಾಗೆ ಹೇಳಿದರು ಅಂತ ನನಗೆ ಈಗಲೂ ಅನುಮಾನ.

ಇನ್ನು ರಾಡ್ ವಿಷಯ. ಕಾಟ್ಲಾ, ಬಾಳೆ ಮೀನಿಗೆ ಇಟ್ಟುಕೊಂಡ ಗಟ್ಟಿ ರಾಡ್ ಇದ್ದರೆ ತನ್ನಿ, ತೆಳ್ಳಗಿನದ್ದು ಬೇಡ. ದೋಣಿಗೆ ಉದ್ದದ ರಾಡ್ ಕಿರಿಕಿರಿ, ಆರೇಳು ಅಡಿ ಸಾಕು. ರೀಲ್‌ಗೆ ಬ್ರೇಡ್ ದಾರ (ಹಲವು ಎಳೆ ಹೆಣೆದದ್ದು) ಸುತ್ತಿಸಿ, 20 ಕಿಲೋ ಎಳೆತ ತಡೆಯುವಂಥದ್ದು. ಬರೀ ತಂಗೂಸಿ (ಒಂಟಿ ಎಳೆಯ ನೈಲಾನ್ ದಾರ) ಆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ, ಹನ್ನೆರಡು ಮಾರು ಕೆಳಗೆ ಮೀನು ಕಚ್ಚಿದ್ದು ಕೈಗೆ ಗೊತ್ತಾಗುವುದಿಲ್ಲ. ತುದಿಯ ಎರಡು ಮಾರು ಮಾತ್ರ ದಪ್ಪ ತಂಗೂಸಿ ಇರಲಿ, ಯಾಕೆಂದರೆ ಬ್ರೇಡ್ ಕಲ್ಲಿಗೆ ಉಜ್ಜಿದರೆ ತಕ್ಷಣ ಕಡಿಯುತ್ತದೆ. ಸೀಸ ನೂರು ಗ್ರಾಮಿನದ್ದೂ ಇನ್ನೂರರದ್ದೂ ತನ್ನಿ. ಕಲ್ಲಿಗೆ ಸಿಕ್ಕಿ ಹೋಗುತ್ತಲೇ ಇರುತ್ತವೆ, ಒಬ್ಬೊಬ್ಬರಿಗೆ ಹತ್ತಾದರೂ ಬೇಕು.

ನಮ್ಮಲ್ಲಿ ಒಬ್ಬ ಇಪ್ಪತ್ತು ಸಾವಿರದ ರೀಲ್ ತಂದಿದ್ದ. ಅಣ್ಣ ಹಳೇ ಮರದ ತುಂಡಿಗೆ ಸುತ್ತಿದ ಕೈಗಾಳ ತೆಗೆದರು. ಬೊಂಡಾಸಿನ (ಸ್ಕ್ವಿಡ್) ಒಂದು ಪಟ್ಟಿ ಚುಚ್ಚಿ ಬಿಟ್ಟರು. ತೋರುಬೆರಳಿನ ಮೇಲೆ ದಾರ ಹಾಯಿಸಿಕೊಂಡು ಬೀಡಿ ಸೇದುತ್ತಾ ಕೂತರು. ನಮ್ಮ ನಾಲ್ಕು ರಾಡಿಗೆ ಒಟ್ಟು ಎರಡು ಕೆಂಬೇರಿ ಸಿಗುವಷ್ಟರಲ್ಲಿ ಅವರದ್ದು ಮೂರು ಮುರು, ಒಂದು ಕೆಂಬೇರಿ. ಏನು ಗುಟ್ಟು ಅಂತ ನೋಡಿದರೆ ಸೀಸ ತಳ ಮುಟ್ಟಿದ ಕೂಡಲೇ ಒಂದು ಮೊಳ ಮೇಲೆತ್ತುತ್ತಿದ್ದರು. ಮೀನು ಕಚ್ಚಿದ ಕೂಡಲೇ ಮೂರು ಎಳೆತ ಜೋರಾಗಿ ಎಳೆದು ಕಲ್ಲಿನಿಂದ ಬಿಡಿಸಿಕೊಳ್ಳುತ್ತಿದ್ದರು. ಆಮೇಲೆ ನಿಧಾನ. ನಾವು ಹಿನ್ನೀರಿನ ಅಭ್ಯಾಸದಲ್ಲಿ ಕಚ್ಚಲಿ, ನುಂಗಲಿ ಅಂತ ಕಾಯುತ್ತಿದ್ದೆವು. ಮುರು ಅಷ್ಟರಲ್ಲಿ ಬಿಲ ಸೇರಿ ಕಿವಿರು ಅಗಲಿಸಿಕೊಂಡು ಕೂತಿರುತ್ತದೆ, ಮತ್ತೆ ಹೊರಗೆ ಬರುವುದಿಲ್ಲ.

ಇನ್ನೊಂದು ಮಾತು. ಆಳದಿಂದ ಬೇಗ ಎತ್ತಿದ ಮುರುವಿನ ಒಳಗಿನ ಗಾಳಿಚೀಲ ಉಬ್ಬಿ, ಹೊಟ್ಟೆ ಬಾಯಿಂದ ಹೊರಗೆ ಬಂದಿರುತ್ತದೆ. ಸಣ್ಣದು ಅಂತ ನೀರಿಗೆ ಬಿಟ್ಟರೂ ಮುಳುಗಲಾರದೆ ತೇಲುತ್ತಾ ಹದ್ದಿನ ಪಾಲಾಗುತ್ತದೆ. ಹಾಗಾಗಿ ಮರಿಗಳೇ ಬರಲು ಶುರುವಾದರೆ ಆ ಜಾಗ ಬಿಟ್ಟುಬಿಡಿ.

ಎಂಟೂವರೆ ಹೊತ್ತಿಗೆ ನಮ್ಮಲ್ಲಿ ಒಬ್ಬನ ಮುಖ ಬೆಳ್ಳಗಾಯಿತು. ಹಿಂದಿನ ರಾತ್ರಿ ಹೋಟೆಲಿನಲ್ಲಿ ಪರೋಟ, ಕೋಳಿ ಸುಕ್ಕ ಗಡದ್ದಾಗಿ ಹೊಡೆದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದಿದ್ದ. ಎಂಜಿನ್ ಹತ್ತಿರ ಕೂತು ಸೀಮೆಎಣ್ಣೆ ಹೊಗೆ ಕುಡಿಯುತ್ತಾ ತಲೆ ತಗ್ಗಿಸಿ ಗಂಟು ಬಿಡಿಸುತ್ತಿದ್ದ. ಇನ್ನೇನು ಬೇಕು! ನೀವು ಹೀಗೆ ಮಾಡಿ: ರಾತ್ರಿ ಹಗುರ ಊಟ, ಬೆಳಿಗ್ಗೆ ಸ್ವಲ್ಪ ಅವಲಕ್ಕಿಯೋ ಬಾಳೆಹಣ್ಣೋ. ವಾಂತಿ ಮಾತ್ರೆ ನುಂಗುವುದಾದರೆ ದೋಣಿ ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ಶುರುವಾದ ಮೇಲೆ ಪ್ರಯೋಜನ ಇಲ್ಲ. ನಿದ್ದೆ ಬರಿಸುತ್ತದೆ, ಬೇರೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಕೊಳ್ಳಿ. ಗಂಟು ಹಾಕುವ ಕೆಲಸ, ಗಾಳ ಕಟ್ಟುವ ಕೆಲಸ ಎಲ್ಲ ಮನೆಯಲ್ಲೇ ಮುಗಿಸಿ. ದೋಣಿಯ ನಡುವೆ ಕೂತು ದೂರದ ಬೆಟ್ಟವನ್ನೋ ಬಾನಂಚನ್ನೋ ನೋಡಿ. ಫೋನ್ ನೋಡಬೇಡಿ. ವಾಂತಿ ಬಂದರೆ ಗಾಳಿ ಹೋಗುವ ದಿಕ್ಕಿಗೆ ತಿರುಗಿ ಮಾಡಿ. ಇದನ್ನು ಯಾಕೆ ಹೇಳಿದೆ ಅಂತ ನನ್ನ ಅಂಗಿಗೆ ಗೊತ್ತು.

ಒಂಬತ್ತೂವರೆಗೆ ಭರತ ಮುಗಿದು ಇಳಿತ ಶುರುವಾಯಿತು. ಸೆಳೆತಕ್ಕೆ ಇನ್ನೂರು ಗ್ರಾಮಿನ ಸೀಸವೂ ನಿಲ್ಲದಾಯಿತು. ಲಂಗರು ಎತ್ತಿ, ಮರಿಮೀನಿನ ಆಕಾರದ ಪ್ಲಾಸ್ಟಿಕ್ ಗಾಳ ಎರಡನ್ನು ಹಿಂದೆ ಬಿಟ್ಟು ಕಲ್ಲಿನ ಸುತ್ತ ಎಳೆಯತೊಡಗಿದೆವು. ವೇಗ ಒಂದು ಸೈಕಲ್ ಹೋಗುವಷ್ಟು. ಹತ್ತು ನಿಮಿಷಕ್ಕೆ ಇಪ್ಪತ್ತು ಸಾವಿರದ ರೀಲು ಕಿರುಚಿತು. ಎಲ್ಲರೂ ಎದ್ದು ನಿಂತೆವು. ಅದೂ ತಪ್ಪು, ದೋಣಿ ವಾಲಿತು, ಬೈಗುಳ ಬಿತ್ತು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ದಾರ ಸಡಿಲ. ಎಳೆದು ನೋಡಿದರೆ ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ. ಅಂಜಲಿನ ಹಲ್ಲು ಬ್ಲೇಡ್ ಇದ್ದ ಹಾಗೆ. ಗಾಳದ ಮುಂದೆ ಒಂದು ಗೇಣು ಸ್ಟೀಲ್ ತಂತಿ ಇರಲೇಬೇಕು. ಅಂಗಡಿಯವರು ತಂತಿ ಬೇಡ, ದಪ್ಪ ತಂಗೂಸಿ ಸಾಕು ಅಂದಿದ್ದರಂತೆ. ಅಣ್ಣನ ಡಬ್ಬಿಯಲ್ಲಿ ತಂತಿ ಇತ್ತು. ಅದನ್ನು ಕಟ್ಟಿ ಮತ್ತೆ ಬಿಟ್ಟೆವು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಇನ್ನೊಂದು ಕಚ್ಚಿತು. ಈ ಸಲ ಎಲ್ಲರೂ ಕೂತೇ ಇದ್ದೆವು. ಸಪ್ಪೆ ಮುಖದ ಗೆಳೆಯನ ಕೈಗೇ ರಾಡ್ ಕೊಟ್ಟೆವು. ಕಾಲು ಗಂಟೆ ಆಡಿಸಿ ದೋಣಿ ಪಕ್ಕಕ್ಕೆ ತಂದ. ಕೊಕ್ಕೆ ಹಾಕಿ ಎತ್ತಿದರು ಅಳಿಯ. ದಡದಲ್ಲಿ ತೂಗಿದಾಗ ಆರು ಕಿಲೋ ಚಿಲ್ಲರೆ. ಅವನ ವಾಂತಿ ಅಲ್ಲಿಗೆ ನಿಂತಿತು, ಔಷಧಿ ಬೇಕಾಗಲಿಲ್ಲ.

ಆಗಲೇ ಅಣ್ಣ ಪಶ್ಚಿಮಕ್ಕೆ ನೋಡಿ, "ಸಾಕ್ ಮಾರಾಯ್ರೆ, ಹೋಪ" ಅಂದರು. ನಮಗೆ ಸಿಟ್ಟು ಬಂತು. ಮೀನು ಈಗ ತಾನೇ ಕಚ್ಚಲು ಶುರುವಾಗಿದೆ, ಸಮುದ್ರ ಎಣ್ಣೆ ಸುರಿದ ಹಾಗೆ ನುಣ್ಣಗಿದೆ, ದುಡ್ಡು ಕೊಟ್ಟಿರುವುದು ಮಧ್ಯಾಹ್ನ ಒಂದು ಗಂಟೆಯವರೆಗೆ. ಒಂದು ಸುತ್ತು, ಒಂದೇ ಸುತ್ತು ಅಂದೆವು. ಅವರು ವಾದ ಮಾಡಲಿಲ್ಲ, ದೋಣಿ ತಿರುಗಿಸಿದರು. ಅರ್ಧ ದಾರಿಗೆ ಪಡುಗಾಳಿ ಎದ್ದಿತು. ಹನ್ನೆರಡೂ ಕಾಲಿಗೆ ಅಳಿವೆಗೆ ಬಂದರೆ ಬೆಳಿಗ್ಗೆ ನೋಡಿದ ಜಾಗವೇ ಅಲ್ಲ. ಇಳಿತದ ನೀರು ಹೊಳೆಯಿಂದ ಹೊರಗೆ ನುಗ್ಗುತ್ತಿದೆ, ಗಾಳಿಯ ಅಲೆ ಎದುರಿನಿಂದ ಒಳಗೆ ಬರುತ್ತಿದೆ. ಎರಡೂ ಡಿಕ್ಕಿ ಹೊಡೆದು ಅಲೆಗಳು ಗೋಡೆಯ ಹಾಗೆ ನೆಟ್ಟಗೆ ಏಳುತ್ತಿದ್ದವು. ಅಣ್ಣ ಹೊರಗೇ ನಿಧಾನಿಸಿ ಅಲೆ ಎಣಿಸಿದರು. ಒಂದು ದೊಡ್ಡದರ ಬೆನ್ನು ಹಿಡಿದು, ಅದನ್ನು ದಾಟದ ಹಾಗೆ, ಹಿಂದಿನದು ಹಿಡಿಯದ ಹಾಗೆ ಒಳಗೆ ತಂದರು. ಎರಡು ನಿಮಿಷ ಇರಬಹುದು. ಬೆಳಿಗ್ಗೆ ನಕ್ಕವನು ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತಾ ಇದ್ದ. ಇನ್ನೊಂದು ಗಂಟೆ ತಡವಾಗಿದ್ದರೆ ಇಳಿತವೂ ಗಾಳಿಯೂ ಇನ್ನೂ ಜೋರಾಗಿರುತ್ತಿತ್ತು.

ಹಾಗಾಗಿ ನಿಮ್ಮ ಲೆಕ್ಕ ಹೀಗಿರಲಿ: ಕತ್ತಲಿರುವಾಗಲೇ ಹೊರಡಿ, ಹನ್ನೊಂದಕ್ಕೆ ಗಾಳ ಎತ್ತಿ, ಹನ್ನೆರಡಕ್ಕೆ ಒಳಗೆ. ದುಡ್ಡನ್ನು ಗಂಟೆಗೆ ಇಷ್ಟು ಅಂತ ಮಾತಾಡಬೇಡಿ, ದಿನಕ್ಕೆ ಇಷ್ಟು ಅಂತ ಮಾತಾಡಿ. ಗಂಟೆ ಲೆಕ್ಕ ಆದರೆ ನಾಲ್ಕು ಜನ ಸೇರಿ ದೋಣಿಯವರನ್ನು ಒತ್ತಾಯ ಮಾಡುತ್ತೀರಿ, ನಾವು ಮಾಡಿದ ಹಾಗೆ. ನಾವು ಎಣ್ಣೆ ಖರ್ಚು ಸೇರಿ ಆರು ಸಾವಿರ ಕೊಟ್ಟಿದ್ದೆವು.

ದೋಣಿ ಹತ್ತುವ ಮೊದಲು ನೋಡಬೇಕಾದ್ದು: ಪಕ್ಕದಲ್ಲಿ ಐಎನ್‌ಡಿ ಕೆಎ ಅಂತ ಶುರುವಾಗುವ ನೋಂದಣಿ ನಂಬರ್ ಇದೆಯಾ, ತಲೆಗೊಂದು ಲೈಫ್ ಜಾಕೆಟ್ ಇದೆಯಾ. ಇಲ್ಲ ಅಂದರೆ ಹತ್ತಬೇಡಿ, ಎಷ್ಟೇ ಕಡಿಮೆಗೆ ಬಂದರೂ. ಆಧಾರ್ ಜೊತೆಯಲ್ಲಿರಲಿ, ಕರಾವಳಿ ಕಾವಲು ಪೊಲೀಸರು ಕೇಳುತ್ತಾರೆ. ಅವರ ನಂಬರ್ 1093, ಕೋಸ್ಟ್ ಗಾರ್ಡ್ 1554. ಎರಡನ್ನೂ ಫೋನಿನಲ್ಲಿ ಹಾಕಿಕೊಳ್ಳಿ. ದೂರ ಹೋದಂತೆ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ಯಾವ ದೋಣಿ, ಎಷ್ಟು ಹೊತ್ತಿಗೆ ವಾಪಸ್ ಅಂತ ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ. ಹಿಂದಿನ ದಿನ ಇನ್‌ಕಾಯ್ಸ್‌ನವರ ಅಲೆಯ ಮುನ್ಸೂಚನೆ ನೋಡಿ. ಹೈದರಾಬಾದಿನ ಸಂಸ್ಥೆ ಅದು, ಮೀನುಗಾರರೂ ಅದನ್ನೇ ನೋಡುವುದು.

ಶಾಡಿ ಸಿಕ್ಕಿದರೆ ಕೈಯಲ್ಲಿ ಹಿಡಿಯಬೇಡಿ, ರೆಕ್ಕೆಯ ಮುಳ್ಳಿನಲ್ಲಿ ವಿಷ ಇರುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ. ಫ್ಲಾಸ್ಕಿನಲ್ಲಿ ಬಿಸಿ ನೀರು ಇಟ್ಟುಕೊಳ್ಳಿ, ಚಹಾಕ್ಕೂ ಆಯಿತು. ತೊರಕೆ ಮೀನಿನ (ಸ್ಟಿಂಗ್ ರೇ) ಬಾಲದ ಮುಳ್ಳಿಗೂ ಇದೇ ಮದ್ದು, ಆದರೆ ಅದು ಆಳವಾಗಿ ಹೊಕ್ಕಿದ್ದರೆ ನೇರ ಆಸ್ಪತ್ರೆಗೆ. ಹೊಟ್ಟೆ ಚೆಂಡಿನ ಹಾಗೆ ಉಬ್ಬಿಸುವ ಮೀನು ಬಂದರೆ ವಾಪಸ್ ನೀರಿಗೆ, ತಿನ್ನುವ ಯೋಚನೆಯೇ ಬೇಡ.

ಐಸ್ ಮರೆಯಬೇಡಿ. ಬಂಗುಡೆ, ಅಂಜಲ್, ಕೇದರ್ (ಟ್ಯೂನಾ) ಇವು ಬಿಸಿಲಿಗೆ ಬಿದ್ದರೆ ಎರಡು ಮೂರು ಗಂಟೆಯಲ್ಲಿ ಕೆಡಲು ಶುರು. ಹಾಗೆ ಕೆಟ್ಟ ಮೀನಿನಲ್ಲಿ ಹುಟ್ಟುವ ವಿಷ ಬೇಯಿಸಿದರೂ ಹೋಗುವುದಿಲ್ಲ, ತಿಂದರೆ, ಮುಖ ಕೆಂಪೇರಿ ತುರಿಕೆ ಬರುತ್ತದೆ. ಎತ್ತಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಿಟ್ಟು ಪುಡಿ ಐಸಿನಲ್ಲಿ ಹೂತುಬಿಡಿ. ರಾಡ್, ರೀಲು ಅವತ್ತೇ ಸಿಹಿ ನೀರಿನಲ್ಲಿ ತೊಳೆಯಿರಿ. ಮರುದಿನ ಅಂದರೆ ಉಪ್ಪು ಹಿಡಿದಿರುತ್ತದೆ. ಆ ಇಪ್ಪತ್ತು ಸಾವಿರದ ರೀಲು ಈಗ ತಿರುಗಿಸಿದರೆ ಕಾಫಿಪುಡಿ ಮಿಲ್ಲಿನ ಸದ್ದು ಮಾಡುತ್ತದೆ.

ಬರುವ ತಾರೀಕು ಇನ್ನೂ ನಿಕ್ಕಿ ಮಾಡಿಲ್ಲದಿದ್ದರೆ ಇಲ್ಲೇ ಎರಡು ಮೂರು ತಾರೀಕು ಬರೆದು ಹಾಕಿ, ತಿಥಿ ನೋಡಿ ಹೇಳುತ್ತೇನೆ. ದೊಡ್ಡ ಐಸ್ ಪೆಟ್ಟಿಗೆ ನನ್ನ ಹತ್ತಿರ ಇದೆ. ಅದನ್ನು ಘಾಟಿಯಲ್ಲಿ ಹೊತ್ತು ತರಬೇಡಿ. ತಂತಿ ಮಾತ್ರ ನೀವೇ ತನ್ನಿ.