4294967297 ಅವಿಭಾಜ್ಯ ಸಂಖ್ಯೆ ಹೌದೋ ಅಲ್ವೋ?

ಅಲ್ಲ. 3, 7, 11, 13 ಅಂತ ಚಿಕ್ಕ ಸಂಖ್ಯೆಗಳಿಂದೆಲ್ಲ ಭಾಗಿಸಿ ನೋಡಿದೆ, ಶೇಷ ಉಳೀತಾನೇ ಇದೆ, ಹಾಗಾದ್ರೆ ಅವಿಭಾಜ್ಯವೇ ಅಲ್ವಾ ಎಂದು ಕೇಳಿದ್ದೀರಿ. ಇನ್ನೂ ಸ್ವಲ್ಪ ಮುಂದೆ ಹೋಗಿದ್ದರೆ 641 ಸಿಗುತ್ತಿತ್ತು. ಇದು 641 × 6700417.

32 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕೂಡಿಸಿದರೆ ನಿಮ್ಮ ಸಂಖ್ಯೆ ಬರುತ್ತದೆ, ಅಂದರೆ 2³² + 1. ಘಾತ 32ರ ಬದಲು 1, 2, 4, 8, 16 ಇಟ್ಟರೆ 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ! ಇದನ್ನು ನೋಡಿಯೇ 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ, ಘಾತವನ್ನು ಹೀಗೇ ದುಪ್ಪಟ್ಟು ಮಾಡುತ್ತಾ ಹೋದರೆ ಮುಂದಿನವೂ ಅವಿಭಾಜ್ಯವೇ ಎಂದು ನಂಬಿದ್ದರು. ಆರನೆಯದೇ ಕೈಕೊಟ್ಟಿತು. 1732ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ 641 ಅನ್ನು ತೋರಿಸಿದರು.

ಒಂದೊಂದಾಗಿ ಹುಡುಕುವುದಾದರೆ ವರ್ಗಮೂಲದವರೆಗೆ, ಅಂದರೆ ಸುಮಾರು 65536ರವರೆಗೆ ಹೋಗಬೇಕು. ಅಷ್ಟರಲ್ಲಿ 6542 ಅವಿಭಾಜ್ಯಗಳಿವೆ. ಆದರೆ ಇದನ್ನು ಭಾಗಿಸುವ ಯಾವುದೇ ಅವಿಭಾಜ್ಯವಿರಲಿ, ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಆಗ ನೋಡಬೇಕಾದವು 193, 257, 449, 577, ಆಮೇಲೆ 641. ಐದನೆಯದಕ್ಕೇ ಸಿಕ್ಕಿಬಿಡುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಭಾಗಾಕಾರವೇ ಬೇಡದ ದಾರಿ. 641 ಅಂದರೆ 5 × 2⁷ + 1. ಹಾಗಾಗಿ 641ರ ಲೆಕ್ಕದಲ್ಲಿ, ಅಂದರೆ 641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ನೋಡಿದರೆ, 5 × 2⁷ ಅಂದರೂ ಒಂದೇ, −1 ಅಂದರೂ ಒಂದೇ. ಎರಡನ್ನೂ ನಾಲ್ಕನೇ ಘಾತಕ್ಕೆ ಏರಿಸಿ: 5⁴ × 2²⁸ ಅಂದರೆ 1. ಈಗ ಅದೇ 641 ಅನ್ನು 625 + 16 ಎಂದು ಬರೆಯಿರಿ, ಅಂದರೆ 5⁴ + 2⁴. ಆದ್ದರಿಂದ 5⁴ ಇದ್ದಲ್ಲಿ −2⁴ ಹಾಕಬಹುದು. ಹಾಕಿದರೆ −2³² ಅಂದರೆ 1 ಅಂತಾಯಿತು, ಅಲ್ಲಿಗೆ 2³² + 1ರ ಶೇಷ ಸೊನ್ನೆ. ಒಂದೇ ಸಂಖ್ಯೆಯನ್ನು ಎರಡು ಥರ ಬಿಡಿಸಿ ಬರೆದದ್ದಕ್ಕೆ ಹತ್ತಂಕಿಯ ಸಂಖ್ಯೆ ಒಡೆಯಿತಲ್ಲ, ಮೊದಲ ಸಲ ಹಾಳೆಯ ಮೇಲೆ ಮಾಡಿದ ದಿನ ನಾನು ಎಷ್ಟು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಪ್ರೋಗ್ರಾಂ ಬರೆದು ನೋಡುವುದಾದರೆ ಒಂದು ಎಚ್ಚರ. ಚಿಹ್ನೆಯಿಲ್ಲದ 32 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4294967295, ನಿಮ್ಮದು ಅದಕ್ಕಿಂತ 2 ಜಾಸ್ತಿ. ಅದರಲ್ಲಿ ತುಂಬಿದರೆ ಸುತ್ತಿ ಬಂದು ಬರೀ 1 ಆಗಿಬಿಡುತ್ತದೆ, ಆದ್ದರಿಂದ 64 ಬಿಟ್ ಬಳಸಿ.

6700417 ಅವಿಭಾಜ್ಯವೇ, ಅದನ್ನು ಇನ್ನು ಒಡೆಯಲಾಗದು. 641 × 6700417 ನಿಮ್ಮ ಸಂಖ್ಯೆಯೇ ಅನ್ನೋದಕ್ಕೆ ನನ್ನ ಮಾತು ನಂಬಬೇಡಿ, ಕೈಯಲ್ಲೇ ಗುಣಿಸಿ: 600ರ ಸಾಲಿಗೆ 4020250200, 40ರ ಸಾಲಿಗೆ 268016680, 1ರ ಸಾಲಿಗೆ 6700417. ಮೂರನ್ನೂ ಕೂಡಿಸಿ ನೋಡಿ.